ನಾಯಿಗೆ ಮೊದಲು ನಮಸ್ಕಾರ

ರಾಯಚೂರು
೧೬ ಫೆಬ್ರುವರಿ ೨೦೨೫, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮೊಣಕಾಲು ನೋವು ಈಗ ಹೇಗಿದೆ? ನಾದಿನಿ ಈರಮ್ಮನ ಕೂಸಿನ ಜ್ವರ ಇಳಿಯಿತೆಂದು ಇವರು ಹೇಳಿದರು, ಕೇಳಿ ಜೀವಕ್ಕೆ ಸಮಾಧಾನವಾಯಿತು. ಬಾಣಂತಿಗೆ ತಣ್ಣೀರು ಮುಟ್ಟಬೇಡವೆಂದು ದಿನವೂ ಗದರುವ ನೀವು, ಮಾನ್ವಿಯ ಆ ಕಡಿದಾದ ಮೆಟ್ಟಿಲನ್ನು ಹತ್ತಿ ಇಳಿಯುವುದನ್ನು ಮಾತ್ರ ಬಿಟ್ಟಿರಲಿಕ್ಕಿಲ್ಲ. ಒಣಗಿದ ಬಟ್ಟೆ ತರಲು ಅಳಿಯಂದಿರಿಗೂ ಕಾಲಿವೆ. ಎಣ್ಣೆ ಹಚ್ಚಿಕೊಳ್ಳಿ, ಗುಳಿಗೆ ತಪ್ಪಿಸಬೇಡಿ.

ಮೊಬೈಲು ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನೀವು ಕೇಳಬಹುದು. ಫೋನಿನಲ್ಲಿ ನಾನು ಆಟಿಸಂ ಎಂಬ ಮಾತೆತ್ತಿದ ಕೂಡಲೇ ನೀವು "ಕೂಸು ಅಳಾಕತ್ತದ, ಇಡ್ತೀನಿ" ಎಂದು ಇಟ್ಟುಬಿಡುತ್ತೀರಿ. ಅದೇ ಮಾತಿಗೆ ಸರಿಯಾಗಿ ಆ ಕೂಸು ಹೇಗೆ ಅಳುತ್ತದೋ ನನಗಂತೂ ತಿಳಿಯದು. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಬೇಕಾದರೆ ಹರಿದು ಹಾಕಬಹುದು. ಆದರೆ ಅಷ್ಟು ವರ್ಷ ಅಂಗನವಾಡಿ ನಡೆಸಿದವರು ನೀವು, ಅಕ್ಷರ ಕಂಡರೆ ಓದದೆ ಬಿಡುವವರಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ಡಾಕ್ಟರು ನನ್ನ ಮಗಳು ಮಾಳಿಗೆ ಆಟಿಸಂ ಇದೆ ಎಂದು ಹೇಳಿದ ದಿನ ನೀವು ಅಂದ ಮಾತು ನನಗಿನ್ನೂ ಚುಚ್ಚುತ್ತಿದೆ. "ಇಂಥ ಹುಡುಗ್ರನ್ನ ನನ್ನ ಅಂಗನವಾಡ್ಯಾಗ ಎಷ್ಟು ಮಂದೀನ ನೋಡಿಲ್ಲ? ದೊಡ್ಡಾಕಿ ಆದ್ರ ಸರಿ ಆಗ್ತಾಳ. ನಮ್ಮ ಮನಿತನದಾಗ ಇಂಥದ್ದು ಯಾರಿಗೂ ಇಲ್ಲ. ಬಂದಿದ್ರ ನಿಮ್ಮ ದೇವದುರ್ಗದ ಕಡಿಂದ ಬಂದಿರಬೇಕು." ಅಷ್ಟು ಹೇಳಿ, ಈರಮ್ಮನ ಹೆರಿಗೆಗೆ ಇನ್ನೂ ದಿನವಿದ್ದರೂ ಚೀಲ ಕಟ್ಟಿಕೊಂಡು ಮಾನ್ವಿಯ ಬಸ್ಸು ಹತ್ತಿದಿರಿ. ಅತ್ತೆಯವರೇ, ದೇವದುರ್ಗದ ನನ್ನ ತವರನ್ನು ನೀವು ನೋಡಿಲ್ಲವೇ? ನಮ್ಮವ್ವ ಬೆಳಗ್ಗೆ ಬಾಯಿ ತೆರೆದರೆ ಮುಚ್ಚುವುದು ನಿದ್ದೆ ಬಂದ ಮೇಲೆ. ನಮ್ಮಪ್ಪ ಕಂಡಕ್ಟರಾಗಿದ್ದಾಗ ಟಿಕೆಟ್ ಕೊಡುತ್ತ ಕೊಡುತ್ತಲೇ ಬಸ್ಸಿನವರಿಗೆಲ್ಲ ತನ್ನ ಮದುವೆಯ ಕಥೆ ಹೇಳಿದವನು. ಆ ಮನೆಯಲ್ಲಿ ಮಂದಿಯನ್ನು ಕಂಡು ಸುಮ್ಮನಿದ್ದವರು ಒಬ್ಬರಾದರೂ ಇದ್ದರೆ ತೋರಿಸಿ. ನಿಮ್ಮ ಮಗನ ಹತ್ತಿರ ಇದನ್ನೆಲ್ಲ ಹೇಳಿಕೊಂಡರೆ, ಪವರ್ ಹೌಸಿನ ಪಾಳಿ ಮುಗಿಸಿ ಬಂದ ಅವರು "ನೀನಾತು, ನಮ್ಮವ್ವ ಆತು, ನನ್ನ ನಡುವ ಎಳೀಬ್ಯಾಡ್ರಿ" ಎಂದು ಗೋಡೆಯ ಕಡೆ ಹೊರಳಿ ಮಲಗುತ್ತಾರೆ.

ನೀವು ಹೋದ ಮೇಲೆ ನನ್ನ ಪಾಡು ಕೇಳಿ. ಮಾಳಿಯನ್ನು ಶಾಲೆಯಿಂದ ಮಾವನವರೇ ಕರೆತರುತ್ತಾರೆ. ಹತ್ತು ನಿಮಿಷದ ದಾರಿಗೆ ಈ ಅಜ್ಜ ಮೊಮ್ಮಗಳಿಗೆ ಒಂದು ಗಂಟೆ ಸಾಲದು. ದಾರಿಯ ಒಂದು ನಾಯಿಯನ್ನೂ ಬಿಡುವುದಿಲ್ಲ. ಮಟನ್ ಅಂಗಡಿಯ ಮುಂದೆ ಕಟ್ಟಿದ ಹೋತ, ಚರಂಡಿಯ ದಂಡೆಯ ಎಮ್ಮೆ, ಗೋಡೆಯ ಮೇಲಿನ ಬೆಕ್ಕು, ಎಲ್ಲದರ ಹತ್ತಿರವೂ ನಿಲ್ಲಬೇಕು. ಮಾಳಿ ಮಗ್ಗುಲಾಗಿ ಕುಳಿತು, ಅದರ ಮುಖ ನೋಡದೆ, "ನಾ ಮಾಳಿ. ನೀ ಯಾರು?" ಎಂದು ಕೇಳುತ್ತಾಳೆ. ಅದೇ ಹುಡುಗಿಯನ್ನು ಮನೆಗೆ ಬಂದವರು ಹೆಸರು ಕೇಳಿದರೆ ಮಂಚದ ಕೆಳಗೆ ಸೇರುತ್ತಾಳೆ. ಬ್ಲೌಸ್ ಹೊಲಿಸಲು ಬಂದ ಹೆಂಗಸರಿಗೆ ನಾನು ಏನೆಂದು ಹೇಳಲಿ? ನಿಮ್ಮ ಮಗಳಿಗೆ ಮಾತು ಬರುವುದಿಲ್ಲವೇ ಎನ್ನುತ್ತಾರೆ. ಬರುತ್ತದೆ, ನೀವು ನಾಯಿಯಾಗಿ ಬಂದಿದ್ದರೆ ಬರುತ್ತಿತ್ತು ಎನ್ನಲು ಆಗುತ್ತದೆಯೇ?

ಹಿಂದಿನ ಓಣಿಗೆ ಹೊಸದಾಗಿ ಬಂದಿರುವ ಮುಸರ್ರತ್ ಟೀಚರ ಮನೆಯಲ್ಲಿ ಆದದ್ದನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ. ಅವರ ಬಿಳಿ ಬೆಕ್ಕು ಕಂಡಿತೆಂದು ಇವರಿಬ್ಬರೂ ತೆರೆದ ಗೇಟಿನಿಂದ ನೇರ ಒಳಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ಟೀಚರು ಹೊರಗೆ ಬಂದು "ಯಾರು ಬೇಕಾಗಿತ್ರಿ?" ಎಂದರೆ ಮಾವನವರು ಬಾಯಿ ಬಿಡಲಿಲ್ಲ. ಬೇಕಾಗಿದ್ದದ್ದು ಬೆಕ್ಕು, ಅದು ಎದುರಿಗೇ ಇತ್ತಲ್ಲ! ಕೊನೆಗೆ ಟೀಚರು ಮಾಳಿಯ ಕೊರಳಿನ ಶಾಲೆಯ ಕಾರ್ಡಿನಲ್ಲಿ ನನ್ನ ನಂಬರು ನೋಡಿ ಫೋನು ಮಾಡಿದರು. ಸೂಜಿ ಸೆರಗಿಗೆ ಚುಚ್ಚಿಕೊಂಡೇ ಓಡಿದೆ. ಅವರು ನಗುತ್ತಿದ್ದರು. "ಯಾರರ ಬಂದ್ರ ಈ ಬಿಲ್ಲಿ ಪಲಂಗದ ಕೆಳಗ ಹೊಕ್ಕೊಂತದರೀ. ಇವತ್ತ ನೋಡ್ರಿ, ಹೊರಗ ಕುಂತದ" ಎಂದರು. ನನಗೆ ನಗು ಎಲ್ಲಿಂದ ಬರಬೇಕು? ಕ್ಷಮೆ ಕೇಳಿ ಇಬ್ಬರನ್ನೂ ಎಬ್ಬಿಸುವಷ್ಟರಲ್ಲಿ ಸಾಕುಸಾಕಾಯಿತು.

ಮಾವನವರಿಗೆ ಕಿವಿ ಮಂದ, ಅದಕ್ಕೇ ಉತ್ತರ ಕೊಡುವುದಿಲ್ಲ ಎಂದು ಟೀಚರಿಗೆ ಹೇಳಿದೆ. ನೀವು ಕಲಿಸಿದ ಮಾತೇ ಅದು. ಯಾರೇ ಬರಲಿ, ನೀವು ಮುಂದೆ ಹೋಗಿ "ಅವ್ರಿಗೆ ಕಿವಿ ಮಂದ ಅದರೀ, ನನ್ನ ಜೋಡಿ ಮಾತಾಡ್ರಿ" ಎಂದು ಕೂರಿಸುತ್ತಿದ್ದಿರಿ. ನಾನೂ ಮದುವೆಯಾಗಿ ಬಂದಾಗಿನಿಂದ ನಂಬಿಕೊಂಡು, ಊಟಕ್ಕೆ ಕರೆಯಬೇಕಾದರೂ ಓಣಿಗೆಲ್ಲ ಕೇಳುವಂತೆ ಕೂಗಿದ್ದೇನೆ. ಮಾವನನ್ನು ಗದರಿಸುವ ಸೊಸೆ ಎಂದು ನೆರೆಯವರಲ್ಲಿ ಹೆಸರು ಬಂದದ್ದು ನನಗೆ. ಗಂಟಲು ಹರಿದು ಸಾಕಾಗಿ, ಮೆಷಿನ್ನು ಹಾಕಿಸೋಣವೆಂದು ಹೋದ ತಿಂಗಳು ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿರಿ ಎಂದರು. ಮಾವನವರು ಒಂದನ್ನೂ ತಪ್ಪಿಸಲಿಲ್ಲ. "ಇವರ ಕಿವಿ ನಿನ್ನ ಕಿವಿಗಿಂತ ಚಲೋ ಅದಾವಮ್ಮ. ಕೇಳಸಂಗಿಲ್ಲ ಅಂತ ಯಾರು ಹೇಳಿದ್ರು?" ಎಂದು ಡಾಕ್ಟರು ಕೇಳಿದರು. ಯಾರ ಹೆಸರು ಹೇಳಲಿ ಅತ್ತೆಯವರೇ?

ಮರಳುವಾಗ ಆಟೋದಲ್ಲಿ, ಮೊದಲ ಸಲ ಮೆಲ್ಲಗೆ ಕೇಳಿದೆ. "ಮಾವಾ, ಇಷ್ಟು ವರ್ಷ ಒದರಿ ಒದರಿ ಸತ್ತೀನಿ. ಕೇಳಸ್ತದಂತ ಒಮ್ಮೆರ ಹೇಳಬಾರದಿತ್ತೇನ್ರಿ?" ಅವರು ಹೊರಗೆ ಒಂದು ಮೇಕೆಯನ್ನು ನೋಡುತ್ತಿದ್ದರು. "ನೀ ಕೇಳಿಲ್ಲ" ಎಂದರು. ಅಷ್ಟೇ! ನನಗೆ ಅಳಬೇಕೋ ಆಟೋದಿಂದ ಜಿಗಿಯಬೇಕೋ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ನೆನಪಾಯಿತು, ನೀವು ಮಾತ್ರ ಅವರೊಂದಿಗೆ ಎಂದೂ ಕೂಗಿ ಮಾತಾಡಿದವರಲ್ಲ. ಆಮೇಲೆ ಇನ್ನೊಂದೂ ನೆನಪಾಯಿತು. ದೀಪಾವಳಿಯ ಆ ಜಗಳದ ಹೊತ್ತಿನಲ್ಲಿ ಮಾವನವರು ಗೋಡೆಯಾಚೆಗೇ ಕುಳಿತಿದ್ದರು. ಡಾಕ್ಟರು "ಮನೆಯ ಹಿರಿಯರಲ್ಲಿ ಯಾರಾದರೂ ಹೀಗೆ ಇದ್ದಾರೆಯೇ" ಎಂದು ಕೇಳಿ, ನೀವು ಇಲ್ಲವೇ ಇಲ್ಲ ಎಂದಾಗಲೂ ಅದೇ ಕೋಣೆಯ ಮೂಲೆಯಲ್ಲಿ ಮಾಳಿಯ ಪಕ್ಕ ಇದ್ದರು.

ಈಗ ಸಿರವಾರದ ವಿಷಯ. ಹೋದ ಸೋಮವಾರ ನಿಮ್ಮ ಚಿಕ್ಕಪ್ಪನ ಮಗ ಸಿದ್ದರಾಮಪ್ಪನವರ ಹೊಸ ಮನೆಯ ಪ್ರವೇಶಕ್ಕೆ ಕೂಸಿನ ಜ್ವರದಿಂದಾಗಿ ನೀವು ಬರಲಿಲ್ಲ. ಇವರಿಗೆ ಪಾಳಿ ಇತ್ತು. ಇಬ್ಬರನ್ನೂ ಕಟ್ಟಿಕೊಂಡು ನಾನೊಬ್ಬಳೇ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದ್ದೆ, ಮೊದಲು ಮನೆಯವರಿಗೆ ಕೈ ಮುಗಿಯಬೇಕು ಎಂದು. ಮಾಳಿ ತಲೆ ಅಲ್ಲಾಡಿಸಿದ್ದಳು. ಮಾವನವರೂ ಅಲ್ಲಾಡಿಸಿದ್ದರು. ಬಾಗಿಲಲ್ಲಿ ಸಿದ್ದರಾಮಪ್ಪನವರು ಜರಿಯಂಚಿನ ಧೋತರ ಉಟ್ಟು, ಎರಡೂ ಕೈ ಮುಗಿದು "ಬರ್ರಿ ಬರ್ರಿ" ಎನ್ನುತ್ತಿದ್ದರೆ, ಇವರಿಬ್ಬರೂ ಅವರ ಮಗ್ಗುಲಿನಿಂದ ಹಾಯ್ದು ಹಿತ್ತಲಿಗೆ ನಡೆದರು. ಅಲ್ಲಿ ನೀರಿನ ಟಾಕಿಯ ಹತ್ತಿರ ಅವರ ದೊಡ್ಡ ಕರಿ ನಾಯಿಯನ್ನು ಸರಪಳಿಯಿಂದ ಕಟ್ಟಿದ್ದರು. ಬಂದವರಿಗೆ ಅಂಜಿಕೆಯಾಗದಿರಲಿ ಎಂದು ಅಲ್ಲಿ ಕಟ್ಟಿದ್ದು. ಹಿಂದಿನ ವಾರವಷ್ಟೇ ಅದು ವೈರಿಂಗಿನವನ ಮೊಣಕೈ ಹಿಡಿದಿತ್ತಂತೆ.

ನಾನು ಹಿಂದಿನಿಂದ ಓಡುವಷ್ಟರಲ್ಲಿ ಇಬ್ಬರೂ ಸರಪಳಿಗೆ ಎಟುಕದಷ್ಟು ದೂರದಲ್ಲಿ, ನಾಯಿಗೆ ಮಗ್ಗುಲಾಗಿ, ನೆಲದ ಮೇಲೆ ಕುಳಿತಾಗಿತ್ತು. ಹೊಸ ಲಂಗಕ್ಕೆಲ್ಲ ಸಿಮೆಂಟಿನ ಧೂಳು. "ನಾ ಮಾಳಿ. ನೀ ಯಾರು?" ಎಂದು ಕೇಳಿಯೂ ಆಗಿತ್ತು. ನಾಯಿ ಸರಪಳಿ ಹರಿಯುವಂತೆ ಹಾರಿ ಬೊಗಳುತ್ತಿತ್ತು. ಪೂಜೆಗೆ ಕುಳಿತವರೆಲ್ಲ ಎದ್ದು ಬಂದು "ಏಳ್ರಿ, ಕಡೀತದ, ಏಳ್ರಿ" ಎಂದು ಕೂಗಿದರು. ಸಿದ್ದರಾಮಪ್ಪನವರು ಬಡಿಗೆ ತಂದರು. ಅದನ್ನು ಕಂಡು ನಾಯಿ ಇನ್ನಷ್ಟು ರೊಚ್ಚಿಗೆದ್ದಿತು. ಆಗ ಮಾವನವರು, ಯಾರ ಮಾತಿಗೂ ತಿರುಗದ ಮಾವನವರು, ಅವರ ಕಡೆ ಕೈಯೆತ್ತಿ "ಬಡಿಗಿ ಒಗಿ" ಎಂದರು. ಸಿದ್ದರಾಮಪ್ಪನವರ ಕೈಯಿಂದ ಅದು ತಾನಾಗಿಯೇ ಬಿತ್ತು. ಎಲ್ಲರೂ ಸುಮ್ಮನಾದರು. ನಾಯಿ ಇನ್ನೊಂದೆರಡು ಸಲ ಬೊಗಳಿ, ಗುರುಗುಟ್ಟಿ, ಆಮೇಲೆ ಮುಂಗಾಲು ಚಾಚಿ ಮಲಗಿತು. ಹತ್ತಿರ ಬರಲಿಲ್ಲ, ಬಾಲ ಆಡಿಸಲಿಲ್ಲ, ಸುಮ್ಮನೆ ಮಲಗಿತು. "ಅದಕ್ಕೂ ಮಂದಿ ಅಂದ್ರ ಅಂಜಿಕಿ" ಎಂದಳು ಮಾಳಿ.

ಅಷ್ಟಕ್ಕೇ ಮುಗಿಯಲಿಲ್ಲ. ಸಿದ್ದರಾಮಪ್ಪನವರ ಮನಸ್ಸಿಗೆ ನೋವಾಯಿತು, ತಪ್ಪೇನಿಲ್ಲ. "ನಮ್ಮಕ್ಕನ್ನ ಮದಿವಿ ಆಗಿ ಇಷ್ಟು ವರ್ಷ ಆತು, ಒಂದಿನ ಹೆಂಗದೀ ಅಂತ ನನ್ನ ಕೇಳಿಲ್ಲ ಈ ಮಾವ. ನಾಯಿನ್ನ ಮಾತಾಡ್ಸಾಕ ರಾಯಚೂರಿಂದ ಬಂದಾನ" ಎಂದರು. ಆಗ ಓಣಿಗೆ ಹಿರಿಯಳಾದ ತಿಮ್ಮವ್ವಜ್ಜಿ ಸಮಾಧಾನ ಮಾಡಲು ಬಂದಳು. "ಮುದುಕಪ್ಪಗ ಕಿವಿ ಮಂದ, ಬಿಡಪ್ಪ. ಆದ್ರ ಈ ಕೂಸಿಗೇನಾಗ್ಯಾದ? ತಾಯಿ ಕಡಿಂದ ಏನರ ಬಂದಾದೇನು?" ಎಂದು ಎಲ್ಲರ ಮುಂದೆ ನನ್ನ ಮುಖ ನೋಡಿದಳು. ನಿಮ್ಮದೇ ಮಾತು, ನಿಮ್ಮದೇ ದನಿ ಎನಿಸಿತು. ನಾನು ಬಾಯಿ ತೆರೆಯುವ ಮೊದಲೇ ಮಾಳಿ "ಅಜ್ಜಗ ಕಿವಿ ಕೇಳಸ್ತದ" ಎಂದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಏನು ಮಾಡಲಿ.

ಮಾವನವರು ನಾಯಿಯ ಕಡೆಗೇ ಮುಖ ಮಾಡಿ ಹೇಳಿದರು: "ಆಕಿಗೇನೂ ಆಗಿಲ್ಲ. ಡಾಕ್ಟರು ಹೇಳಿದ್ದು ನಾ ಎಲ್ಲಾ ಕೇಳೀನಿ. ಮಂದಿ ಮುಖ ನೋಡಾಕ ಆಗಂಗಿಲ್ಲ, ಗದ್ದಲ ಆದ್ರ ತಲಿ ಒಡದಂಗ ಆಗ್ತದ. ನಂದೂ ಅದೇ. ಆಕಿ ನನ್ನಂಗ ಅದಾಳ. ರಾಧಾಗ ಏನೂ ಅನಬ್ಯಾಡ್ರಿ."

ನಾನು ಈ ಮನೆಗೆ ಬಂದ ಮೇಲೆ ಅವರ ಬಾಯಿಯಿಂದ ಇಷ್ಟು ಮಾತು ಒಟ್ಟಿಗೆ ಕೇಳಿದ್ದು ಇದೇ ಮೊದಲು. ತಿಮ್ಮವ್ವಜ್ಜಿ ಸೆರಗು ಎಳೆದುಕೊಂಡು ಒಳಗೆ ಹೋದಳು. ಸಿದ್ದರಾಮಪ್ಪನವರು ಇಬ್ಬರಿಗೂ ಹೋಳಿಗೆಯ ತಾಟನ್ನು ಹಿತ್ತಲಿಗೇ ತಂದುಕೊಟ್ಟರು. ಒಳಗೆ ಪಂಕ್ತಿಯಲ್ಲಿ ಕುಳಿತ ನಾನು ಹೋಳಿಗೆಯನ್ನು ಚೂರುಚೂರು ಮಾಡಿದೆ. ಸಿಟ್ಟು ಯಾರ ಮೇಲೆ ಎಂದು ಕೇಳಬೇಡಿ, ಎಲ್ಲರ ಮೇಲೂ ಇತ್ತು. ನಿಮ್ಮ ಮೇಲೆ ಹೆಚ್ಚಾಗಿ ಇತ್ತು. ನಿಮಗೆ ಎಲ್ಲವೂ ಗೊತ್ತಿತ್ತು. ಆ ಮನುಷ್ಯನನ್ನು ಮಂದಿ ನಗದಿರಲಿ ಎಂದು ಕಿವುಡನನ್ನಾಗಿ ಮಾಡಿ, ನಿಮ್ಮ ಬೆನ್ನ ಹಿಂದೆ ಇಟ್ಟುಕೊಂಡು ಬಾಳಿದಿರಿ. ಅದಕ್ಕೆ ನಾನು ತಪ್ಪು ಹೇಳಲಾರೆ. ಆ ಕಾಲದಲ್ಲಿ ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ ಮಾಳಿಯನ್ನು ಕಿವುಡಿ ಎಂದು ಹೇಳಿಕೊಂಡು ತಿರುಗಲು ನನ್ನಿಂದ ಆಗದು. ಅವಳು ಶಾಲೆಗೆ ಹೋಗಬೇಕು, ಬಸ್ಸು ಹತ್ತಬೇಕು, ನನ್ನ ನಂತರವೂ ಬದುಕಬೇಕು. ಅವಳು ಹೇಗಿದ್ದಾಳೋ ಹಾಗೆಯೇ ಮಂದಿಗೆ ಗೊತ್ತಾಗಲಿ.

ಬಿಸಿಲು ಈಗಲೇ ಏರಿದೆ, ನೀರು ಹೆಚ್ಚು ಕುಡಿಯಿರಿ. ಈರಮ್ಮನಿಗೆ ನಾನು ನೆನೆಸಿದೆನೆಂದು ಹೇಳಿ, ಕೂಸಿನ ಕೆನ್ನೆಗೆ ನನ್ನದೊಂದು ಮುತ್ತು. ಅಳಿಯಂದಿರಿಗೆ ನಮಸ್ಕಾರ ತಿಳಿಸಿ. ಇಷ್ಟೆಲ್ಲ ಬರೆದದ್ದಕ್ಕೆ ಬೈಯುವುದಿದ್ದರೆ ಎದುರಿಗೆ ಬಂದು ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ನಿಮ್ಮ ಸೊಸೆ,
ರಾಧಾ

ತಾ. ಕ.: ಲಕೋಟೆಗೆ ಅಂಟು ಹಚ್ಚುವಾಗ ಮಾವನವರು ಬಂದು "ಯಾರಿಗೆ?" ಎಂದರು. ನಿಮಗೆ ಎಂದೆ. ಇಪ್ಪತ್ತೆಂಟನೇ ತಾರೀಖು ಶುಕ್ರವಾರ ಮಾಳಿಯನ್ನು ಡಾಕ್ಟರರ ಹತ್ತಿರ ಕರೆದೊಯ್ಯುವಾಗ ತಮ್ಮನ್ನೂ ತೋರಿಸಬೇಕು ಎಂದರು. ಆಗಲಿ, ನಾನೇ ಕರೆದೊಯ್ಯುತ್ತೇನೆ ಎಂದರೆ ಒಪ್ಪಲಿಲ್ಲ. "ಸಣ್ಣಾಂವಿದ್ದಾಗ ಹೆಂಗಿದ್ದಿ ಅಂತ ಕೇಳ್ತಾರ. ಮಾಳೀದು ನಿನ್ನ ಕೇಳಿದ್ರಲ್ಲ, ಹಂಗ. ನಂದು ಹೇಳಾಕ ಈಗ ಯಾರದಾರ? ಸಣ್ಣಾರಿದ್ದಾಗ ಕಲ್ಮಲದಾಗ ನಾನೂ ನಿಮ್ಮತ್ತೀನೂ ಕೂಡಿ ಕುರಿ ಕಾದೀವಿ. ಆಕಿಗೇ ಗೊತ್ತು. ಆಕಿ ಬರ್ಲಿ ಅಂತ ಬರಿ." ಬರೆದೆನೋ ಇಲ್ಲವೋ ಎಂದು ಇನ್ನೂ ಇಲ್ಲೇ ನಿಂತಿದ್ದಾರೆ.