ಏಪ್ರನ್ ಬಿಚ್ಚಿಟ್ಟ ಮೇಲೆ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಎರಡು ಕಾಗದಗಳೂ ತಲುಪಿವೆ. ಪರೀಕ್ಷೆಯ ಗಡಿಬಿಡಿಯಲ್ಲಿ ತಡವಾಯಿತು ಎಂದು ಬರೆಯಲು ಹೊರಟಿದ್ದೆ. ನಿನ್ನ ಮುಂದೆ ನನ್ನ ಸುಳ್ಳು ಎಂದಾದರೂ ನಡೆದಿದೆಯೇ? ಬರೆಯಲು ಮುಖವಿರಲಿಲ್ಲ, ಅಷ್ಟೆ. ಭಾವನ ಮಂಡಿ ನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಅವರು ಕೇಳುವ ಪೈಕಿಯಲ್ಲ ಬಿಡು.

ನಿನ್ನ ಮಗಳು ನನ್ನ ಮನೆ ಬಿಟ್ಟು ಹಾಸ್ಟೆಲ್ಲಿಗೆ ಯಾಕೆ ಹೋದಳು ಎಂದು ಕೇಳಿದ್ದೀಯಲ್ಲ. ಗಿಣಿಯನ್ನು ಬೈಯಬೇಡ. ಅವಳದೇನೂ ತಪ್ಪಿಲ್ಲ.

ಆಚೆ ವರ್ಷ ನಾನು ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆನಲ್ಲ, ಅಲ್ಲಿ ವಿದ್ಯಾರ್ಥಿಗಳು ಓದುತ್ತಲೇ ಅಲ್ಲಿಯೇ ದುಡಿಯುವುದನ್ನು ಕಂಡು ಮರುಳಾಗಿ ಬಂದೆ. ಬಂದವಳು ಕಂಡಕಂಡವರಿಗೆಲ್ಲ ಅದೇ ಪುರಾಣ. ಅಲ್ಲಿಯ ಕ್ಯಾಂಟೀನಿನಲ್ಲಿ ಊಟ ಬಡಿಸಿದ ಹುಡುಗನೋ ಹುಡುಗಿಯೋ ಪಾಳಿ ಮುಗಿದೊಡನೆ ಏಪ್ರನ್ ಬಿಚ್ಚಿಟ್ಟು, ಬಡಿಸಿದ ಮೇಜಿನಲ್ಲೇ ಕೂತು ಉಣ್ಣುತ್ತಾರೆ. ಪಕ್ಕದಲ್ಲಿ ಕುಲಪತಿಯೇ ಇರಲಿ! ಅದಕ್ಕೆಂದೇ ಪ್ರತಿ ಮೇಜಿಗೂ ಒಂದು ಕುರ್ಚಿ ಖಾಲಿ ಬಿಟ್ಟಿರುತ್ತಾರೆ. ಈ ಖಾಲಿ ಕುರ್ಚಿಯ ಕಥೆ ಎಷ್ಟು ಸಲ ಹೇಳಿದರೂ ಗಿಣಿಗೆ ಸಾಲದು.

"ಚಿಕ್ಕಮ್ಮಾ, ನಮ್ಮಲ್ಲೂ ಹೀಗೇ ಮಾಡ್ತೀಯಾ?"

"ಮಾಡದೆ ಬಿಡ್ತೀನಾ?" ಎಂದು ಜಂಬ ಕೊಚ್ಚಿದ್ದೆ.

ನನ್ನ ಓಡಾಟದಿಂದ, ಓದುತ್ತ ದುಡಿಯುವ ಆ ಯೋಜನೆ ನಮ್ಮ ವಿಶ್ವವಿದ್ಯಾಲಯಕ್ಕೂ ಬಂತು. ಏಪ್ರನ್ ಕೂಡ ಅಲ್ಲಿಯಂತೆ ಹಸಿರೇ ಇರಬೇಕೆಂದು ಹಟ ಹಿಡಿದು ಹೊಲಿಸಿದೆ. ಕುರ್ಚಿಯ ಮಾತೆತ್ತಿದಾಗ ಮಾತ್ರ ಕುಲಸಚಿವರು ನಕ್ಕುಬಿಟ್ಟರು. "ಮೇಡಂ, ಎಂಜಲು ತಟ್ಟೆ ಎತ್ತೋ ಹುಡುಗರ ಪಕ್ಕ ನಮ್ಮ ಮೇಷ್ಟ್ರುಗಳು ಕೂತು ಉಣ್ತಾರಾ? ಅದೊಂದು ಬಿಟ್ಬಿಡಿ, ನಾಳೇನೇ ಸಹಿ ಹಾಕಿಸ್ತೀನಿ." ಸಹಿಯ ಆಸೆಗೆ ಬಿಟ್ಟೆ. ಗಿಣಿಗೆ ಅದನ್ನು ಹೇಳಲಿಲ್ಲ.

ಹಸಿರು ಏಪ್ರನ್ ಎಂದರೆ ಗತಿಯಿಲ್ಲದವರು ಎಂದು ಬಲು ಬೇಗ ಗುರುತಾಗಿಹೋಯಿತು. ಉಳ್ಳವರ ಮಕ್ಕಳು ಹತ್ತಿರವೂ ಸುಳಿಯಲಿಲ್ಲ. ಅದಕ್ಕೇ ಗಿಣಿ ಕ್ಯಾಂಟೀನ್ ಕೆಲಸಕ್ಕೆ ಸೇರಿದಳು. "ಪ್ರೊಫೆಸರ್ ಮನೆ ಹುಡುಗೀನೇ ತಟ್ಟೆ ತೊಳೆದ್ರೆ ಯಾರು ಆಡ್ಕೋತಾರೋ ನೋಡ್ತೀನಿ" ಅಂದಳು. ಅವಳ ಬಾಯಿ ನಿನಗೆ ಗೊತ್ತಲ್ಲ.

ಹೋದ ತಿಂಗಳು ನಮ್ಮ ಯೋಜನೆ ನೋಡಲು ಆ ದೇಶದಿಂದ ಹಿರಿಯ ಪ್ರೊಫೆಸರೊಬ್ಬರು ಬಂದಿದ್ದರು. ಊಟದ ಮೇಜಿನಲ್ಲಿ ಅವರು, ಕುಲಪತಿಗಳು, ಕುಲಸಚಿವರು, ನಾನು. ಬಡಿಸಿದವಳು ಗಿಣಿ. ಎಲ್ಲರಿಗೂ ಬಡಿಸಿ, ಏಪ್ರನ್ ಮಡಚಿಟ್ಟು, ಕೈ ತೊಳೆದುಕೊಂಡು, ನಗುನಗುತ್ತ ಒಂದು ಕುರ್ಚಿ ಎತ್ತಿ ತಂದು ನನ್ನ ಪಕ್ಕ ಹಾಕಿದಳು. ಅತಿಥಿಯ ಮುಖ ಅರಳಿತು. ಕುಲಪತಿಗಳು ಚಮಚ ಕೆಳಗಿಟ್ಟರು. ಕುಲಸಚಿವರು ನನ್ನನ್ನೇ ನೋಡಿದರು.

"ನೀನು ಒಳಗೆ ಊಟ ಮಾಡಮ್ಮ" ಎಂದುಬಿಟ್ಟೆ.

ಸದ್ದಾಗದಂತೆ ಕುರ್ಚಿ ಎತ್ತಿಕೊಂಡು ಹೋದಳು. ಆ ವಾರವೇ ಹಾಸ್ಟೆಲ್ ಸೇರಿದಳು. ನಾಚಿಕೆಯಿಂದ ಸಾಯುವಂತಾಗಿದೆ ಅಕ್ಕಾ. ಖಾಲಿ ಕುರ್ಚಿಯ ನಿಯಮ ಸೇರಿಸದಿದ್ದರೆ ಯೋಜನೆಯಿಂದಲೇ ಕೆಳಗಿಳಿಯುತ್ತೇನೆ ಎಂದು ಈಗ ಬರೆದುಕೊಟ್ಟಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನೀನು ಅನ್ನಬಹುದು. ಅನ್ನು.

ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದ ಕೇಳುವ ಧೈರ್ಯವಿಲ್ಲ, ಆದರೂ ಇರಲಿ. ಮಗು ಎಲ್ಲಿದ್ದರೂ ತಣ್ಣಗಿರಲಿ.

ನಿನ್ನ ತಂಗಿ

ಮತ್ತೆ: ಒಂದು ಮಾತು ಮುಚ್ಚಿಟ್ಟೆ. ಗಿಣಿ ಕುರ್ಚಿ ಎತ್ತಿಕೊಂಡು ಇನ್ನೂ ಬಾಗಿಲು ದಾಟಿರಲಿಲ್ಲ, ಅತಿಥಿ ಕೇಳಿದರು, "ಈ ಹುಡುಗಿ ನಿಮ್ಮನ್ನೇ ಹೋಲ್ತಾಳಲ್ಲ, ನಿಮ್ಮ ಕಡೆಯವಳಾ?" ಇಲ್ಲ, ಯೋಜನೆಯ ವಿದ್ಯಾರ್ಥಿನಿ ಅಂದೆ. ಅವಳಿಗೆ ಕೇಳಿಸಿತು. ನಿನ್ನೆ ಕ್ಯಾಂಟೀನಿಗೆ ಹೋಗಿ, ಪಕ್ಕದ ಕುರ್ಚಿ ಖಾಲಿ ಇಟ್ಟುಕೊಂಡು ಅವಳ ಪಾಳಿ ಮುಗಿಯುವವರೆಗೂ ಕೂತಿದ್ದೆ. ಏಪ್ರನ್ ಬಿಚ್ಚಿಟ್ಟು ಬಂದಳು. ಕೂರುತ್ತಾಳೆ ಅಂದುಕೊಂಡೆ. ನನ್ನ ಲೋಟಕ್ಕೆ ನೀರು ತುಂಬಿಸಿ ಕೇಳಿದಳು, "ಇನ್ನೇನಾದ್ರೂ ಬೇಕಿತ್ತಾ, ಮೇಡಂ?"