ಗಂಗೂ ಆಯಿಯ ಕೀಬೋರ್ಡು

ನವೆಂಬರ್ 10, ಭಾನುವಾರ. ರಾತ್ರಿ 11:20

ಸೊಳ್ಳೆಬತ್ತಿ ಹಚ್ಚಿ ಮಲಗಿದ್ದೇನೆ. ಫೋನು ಎದೆಯ ಮೇಲೆ. ಹೀಗೆ ಫೋನಿಗೆ ಮಾತಾಡಿಕೊಳ್ಳುವುದು — ಕಾರವಾರಕ್ಕೆ ಬಂದಾಗಿನಿಂದ ಇದೇ ಚಟ. ಯಾರಿಗೂ ಕಳಿಸಲ್ಲ. ರೆಕಾರ್ಡ್ ಆಗಿ ಬಿದ್ದಿರುತ್ತದೆ.

ಇವತ್ತು ಅಂಕೋಲೆಗೆ ಹೋಗಿದ್ದೆ. ಅಲ್ಲಿಂದ ಕೇಣಿ, ಗಂಗೂ ಆಯಿಯ ಮನೆ. ನಮ್ಮ ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಪಕ್ಕ ಮೀನುಬುಟ್ಟಿ ಇಟ್ಟು ಕೂರುತ್ತಿದ್ದವಳು. ಮಳೆಗಾಲದಲ್ಲಿ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತದೆ. ಬಾಯಿಂದ ಹೊರಡುವುದು ಮಾತ್ರ ಬರೀ ‘ಆಂ’. ಮೊದಲೆಲ್ಲ ಕೈ ಬೀಸಿ ಏನಾದರೂ ಕೇಳುತ್ತಿದ್ದಳಂತೆ. ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ಗೋಡೆ ಕಡೆ ಮುಖ. ಅದೇ ಹೆದರಿಕೆ ಅಂದಳು ಮಗಳು ನೀತಾ.

ಅದಕ್ಕೇ ಒಂದು ಪ್ರೋಗ್ರಾಂ ಮಾಡಿದ್ದೆ. ಕೀಬೋರ್ಡಿನ ಕೀಲಿಗಳ ಮೇಲೆ ಚಿತ್ರದ ಸ್ಟಿಕರ್ — ನೀರು, ಗಂಜಿ, ಫ್ಯಾನು, ಬಾಗಿಲು, ನೋವು. ಒತ್ತಿದರೆ ಕಂಪ್ಯೂಟರ್ ಬಾಯಿಬಿಟ್ಟು ಹೇಳುತ್ತದೆ. ಮೊಬೈಲ್ ಪರದೆ ಅವಳ ಎಡಗೈಗೆ ಜಾರುತ್ತದೆ, ಕೀಲಿ ಜಾರಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಚೆಂದ ನಡೆದಿತ್ತು. ಅಲ್ಲಿರುವುದು ನೀತಾಳ ಗಂಡ ದೇವಿದಾಸ ತಾನು ಕೆಲಸ ಮಾಡುವ ಕದ್ರಾದಿಂದ ತಂದಿಟ್ಟ ಹಳೇ ಕಂಪ್ಯೂಟರು. ಪೆನ್‌ಡ್ರೈವ್ ಹಾಕಿ ಕ್ಲಿಕ್ ಮಾಡಿದೆ. ಯಾವುದೋ ಡಿಎಲ್‌ಎಲ್ ಫೈಲು ಇಲ್ಲ, ಅದಿಲ್ಲದೆ ನಡೆಯಲ್ಲ ಅಂತ ಪರದೆ ಮೇಲೆ ಬಾಕ್ಸು. ಓಕೆ ಒತ್ತಿದೆ. ಅಷ್ಟೇ. ಮುಚ್ಚಿಕೊಂಡಿತು.

“ಎಂತ ಹೇಳ್ತದೆ ಅದು?” ನೀತಾ ಕೇಳಿದಳು.

“ಒಂದು ಫೈಲ್ ಬೇಕಂತ್ರಿ ಅಕ್ಕಾ.”

“ಬಂದ ಕೂಡ್ಲೆ ಬೇಕು ಬೇಕು ಅಂತದೆ. ಥೇಟ್ ನಮ್ಮನೆಯವ್ರ ಹಾಂಗೆ.”

ಈ ಮಾತಿಗೆ ಮೊದಲಾಗಿದ್ದರೆ ಬುಟ್ಟಿ ಅಲುಗಾಡುವ ಹಾಗೆ ನಗುತ್ತಿದ್ದಳು ಗಂಗೂ ಆಯಿ. ತಿರುಗಿ ಕೂಡ ನೋಡಲಿಲ್ಲ.

ನವೆಂಬರ್ 11, ಸೋಮವಾರ. ರಾತ್ರಿ

ಅಂಗಡಿಯ ಶಾಂತಾರಾಮಣ್ಣನಿಗೆ ಹೇಳಿದೆ.

“ನಿನ್ನ ಲ್ಯಾಪ್‌ಟಾಪಲ್ಲಿ ನಡೀದೆ ಎಂತ ಆಗ್ತದೆ ದುರ್ಗಪ್ಪಾ? ವರ್ಷಗಟ್ಲೆ ಕಂಡಕಂಡದ್ದೆಲ್ಲ ತುಂಬ್ಕಂಡು ಕೂತದೆ ಅದು. ಬೇರೆ ಮನೆಗೆ ಹೋಗ್ಬೇಕಾದ್ರೆ ಅಲ್ಲಿ ಎಂತ ಇಲ್ಲ ಹೇಳಿ ನೋಡ್ಕಂಡು, ಗಂಟು ಕಟ್ಕಂಡೇ ಹೋಗ್ಬೇಕು.”

ಹೌದು. ರೋಣದಿಂದ ಇಲ್ಲಿಗೆ ಬಂದಾಗ ನನ್ನ ಹತ್ತಿರವೂ ಒಂದೇ ಬ್ಯಾಗು. ಜೋಳದ ರೊಟ್ಟಿ ಇಲ್ಲ, ನಮ್ಮ ಕಡೆಯ ಮಾತಿಲ್ಲ. ಬಾಳೆಲೆಯಲ್ಲಿ ಹುರಿದ ಬಾಂಗಡೆ ಕಟ್ಟಿಕೊಂಡು ಬಂದು, ಮೆಟ್ಟಿಲ ಮೇಲೆ ಕೂರಿಸಿ, ಮುಳ್ಳು ಬಿಡಿಸಿ ತೋರಿಸಿದವಳು ಗಂಗೂ ಆಯಿ. “ಘಟ್ಟದ ಮೇಲಿನವ್ನೇ, ಇಷ್ಟಕ್ಕೆ ಹೆದರ್ತ್ಯಾ?”

ನವೆಂಬರ್ 17, ಭಾನುವಾರ. ರಾತ್ರಿ 12

ಬೇಕಾದ ಫೈಲೆಲ್ಲ ಹೊತ್ತುಕೊಂಡು ಹೋದೆ. ಪ್ರೋಗ್ರಾಂ ತೆರೆಯಿತು. ಕೀಲಿ ಒತ್ತಿದರೆ ಚಿತ್ರವೂ ಬಂತು. ದನಿ ಇಲ್ಲ. ಸ್ಪೀಕರ್ ನೋಡಿದೆ, ಸರಿ ಇದೆ. ಆಮೇಲೆ ಹೊಳೆಯಿತು — ದನಿ ಪ್ರತಿ ಸಲ ನೆಟ್‌ನಿಂದ ಬರುವುದು. ನನ್ನ ಕೋಣೆಯಲ್ಲಿ ವೈಫೈ ಇದೆ, ಅವರ ಮನೆಯಲ್ಲಿ ಎಲ್ಲಿ?

ನನ್ನ ಹಾಟ್‌ಸ್ಪಾಟ್ ಕೊಟ್ಟೆ. ಒಂದು ಹೆಣ್ಣುದನಿ ಶುದ್ಧವಾಗಿ ಹೇಳಿತು: “ನನಗೆ ನೀರು ಬೇಕು.”

ಗಂಗೂ ಆಯಿ ಗಕ್ಕನೆ ತಿರುಗಿದಳು. ಬಾಗಿಲ ಕಡೆ ನೋಡಿದಳು, ಯಾರು ಬಂದರು ಅಂತ.

“ಇವಳ್ಯಾರ? ಟೀವೀಲಿ ವಾರ್ತೆ ಓದೂಳು ನಮ್ಮನೇಲಿ ನೀರು ಕೇಳೂದಾ?” ನೀತಾ ನಕ್ಕಳು. ನಾನೂ ನಕ್ಕೆ. ಆಯಿ ಹೊದಿಕೆ ಎಳೆದುಕೊಂಡು ಮತ್ತೆ ಗೋಡೆಗೆ ತಿರುಗಿದಳು.

ನೆಟ್ ಇಲ್ಲದೆಯೂ ನಡೆಯಲಿ ಅಂತ ಮಾತುಗಳನ್ನೆಲ್ಲ ಇಳಿಸಿ ಅಲ್ಲೇ ಇಟ್ಟು ಬಂದೆ.

ನವೆಂಬರ್ 21

ನೀತಾಳ ಫೋನ್ ಬಂದಿತ್ತು. ಆಯಿ ಒಂದು ಕೀಲಿಯನ್ನೂ ಮುಟ್ಟಿಲ್ಲ. ಗಂಜಿಯೂ ಅರ್ಧಕ್ಕೇ ಬಿಡುತ್ತಾಳಂತೆ.

“ತಮ್ಮಾ, ನೀ ಬೇಜಾರ ಮಾಡ್ಕಬೇಡ. ಎಲ್ಲ ಸರಿ ಮಾಡಿದ್ದೆ ನೀನು. ಆದ್ರೆ ಆ ದನಿ ಆಯಿ ಅಲ್ಲ ಅಲ್ವಾ.”

ಫೋನ್ ಇಟ್ಟೆ.

ನವೆಂಬರ್ 23. ರಾತ್ರಿ 1:10

ಫೋನಿನಲ್ಲಿ ಜಾಗ ಇಲ್ಲ, ರೆಕಾರ್ಡ್ ಆಗಲ್ಲ ಅಂತ ಬಂತು. ಹಳೇ ಮಾತು ಅಳಿಸೋಣ ಅಂತ ಕೂತೆ. ಕಾರವಾರಕ್ಕೆ ಬಂದ ಹೊಸತರದ್ದು. ಆಗ ಅಂಗಡಿ ಮುಚ್ಚುವ ಹೊತ್ತಿಗೆ ಬಾಗಿಲಿಗೆ ಟೇಬಲ್ ಫ್ಯಾನು ಇಟ್ಟು, ಮೆಟ್ಟಿಲ ಮೇಲೇ ಕೂತು ಮಾತಾಡಿಕೊಳ್ಳುತ್ತಿದ್ದೆ. ಆಯಿ ಖಾಲಿ ಬುಟ್ಟಿ ಇಟ್ಟುಕೊಂಡು ಅಂಕೋಲೆ ಬಸ್ಸಿಗೆ ಕಾಯುತ್ತಿದ್ದಳು. ಅಳಿಸುವ ಮುಂಚೆ ಒಂದು ಹಚ್ಚಿ ನೋಡಿದೆ. ನನ್ನದೇ ಗೋಳು — ಇಲ್ಲಿ ಸೆಕೆ, ಊರಿಗೆ ಹೋಗ್ತೇನೆ, ಅದು ಇದು. ಅದರ ಹಿಂದಿನಿಂದ —

“ಒಬ್ನೇ ಯಾರ ಸಂಗ್ತಿಗೆ ಮಾತಾಡ್ತೆ? ಬಾ ಇಲ್ಲಿ, ಕೂತ್ಕ.”

ಎದ್ದು ಕೂತೆ. ಇನ್ನೊಂದು ಹಚ್ಚಿದೆ. “ನೀರು ಕೊಡ ತಮ್ಮಾ, ಗಂಟ್ಲು ಒಣಗ್ತದೆ.” ಮತ್ತೊಂದು. “ಸಾಕ ಮಾರಾಯಾ, ಆ ಫ್ಯಾನು ಈಚೆ ತಿರ್ಸು.”

ಅಳಿಸಲು ಹೊರಟಿದ್ದೆನಲ್ಲ…

ನವೆಂಬರ್ 28, ಗುರುವಾರ

ದಿನಾ ಕತ್ತರಿಸುತ್ತಿದ್ದೇನೆ. ಅವಳ ಮಾತಿನ ಮೇಲೆ ನನ್ನ ಮಾತು, ಅದರ ಮೇಲೆ ಬಸ್ಸಿನ ಹಾರ್ನು. ಗಂಜಿ ಸಿಕ್ಕಿತು. ಬಾಗಿಲು ಸಿಕ್ಕಿತು. ನೋವು ಮಾತ್ರ ಸಿಗಲಿಲ್ಲ. ಅಷ್ಟೂ ಕೇಳಿದೆ. ತಲೆ ಮೇಲೆ ಬುಟ್ಟಿ ಹೊತ್ತು ತಿರುಗಿದ ಹೆಂಗಸು ಒಮ್ಮೆಯೂ ನೋಯುತ್ತದೆ ಅಂದಿಲ್ಲ.

“ಆಯಿ ಆ ಮಾತು ಆಡೂಳೇ ಅಲ್ಲ,” ಅಂದಳು ನೀತಾ. ಆ ಕೀಲಿಗೆ ನೀತಾಳ ಹತ್ತಿರವೇ ಹೇಳಿಸಿ ತರಿಸಿಕೊಂಡೆ: “ಆಯಿಗೆ ನೋಯ್ತದೆ, ಯಾರಾದ್ರೂ ಬನ್ನಿ.”

ಒಂದು ಕೀಲಿ ಉಳಿಯಿತು. ತಮಾಷೆಗೆ ನನ್ನ ಪಾಸ್‌ಪೋರ್ಟ್ ಫೋಟೋ ಅಂಟಿಸಿ, ಒಬ್ನೇ ಮಾತಾಡ್ತೆ ಅಂತ ನನ್ನನ್ನು ಕರೆದ ಆ ಮಾತನ್ನೇ ಇಟ್ಟೆ.

ಈ ಸಲ ನಡೆಸಿ ನೋಡಲು ಶಾಂತಾರಾಮಣ್ಣ ಅಂಗಡಿಯ ಒಂದು ಕಂಪ್ಯೂಟರಿನಲ್ಲಿದ್ದದ್ದೆಲ್ಲ ಅಳಿಸಿ ಕೊಟ್ಟರು, ನೆಟ್ ವೈರೂ ಕಿತ್ತು. ಏನೂ ಇಲ್ಲದ ಅದರಲ್ಲೂ ನಡೆಯಿತು.

ಡಿಸೆಂಬರ್ 1, ಭಾನುವಾರ. ಸಂಜೆ. ಕೇಣಿ

ಅಂಗಳದಲ್ಲಿದ್ದೇನೆ. ರಾತ್ರಿ ತನಕ ತಡೆಯಲು ಆಗಲಿಲ್ಲ, ಈಗಲೇ ಮಾತಾಡುತ್ತಿದ್ದೇನೆ.

ಪ್ರೋಗ್ರಾಂ ಹಾಕಿದೆ. ಯಾವ ಬಾಕ್ಸೂ ಬರಲಿಲ್ಲ. ನೀತಾ ನೀರಿನ ಕೀಲಿ ಒತ್ತಿದಳು. ಆಯಿಯದೇ ದನಿ ಬಂತು. ಹಿಂದೆ ಕಾರವಾರದ ಬಸ್‌ಸ್ಟ್ಯಾಂಡಿನ ಗದ್ದಲ ಸಮೇತ. ನೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಗೂ ಆಯಿ ಕಂಪ್ಯೂಟರ್ ನೋಡಿದಳು. ಮಗಳನ್ನು ನೋಡಿದಳು. ನನ್ನನ್ನು. ಎಡಗೈ ಹೊದಿಕೆಯಿಂದ ಹೊರಗೆ ಬಂತು, ಕೀಬೋರ್ಡಿನ ಹತ್ತಿರ ಬಂದು ನಿಂತಿತು. ಒತ್ತಲಿಲ್ಲ. ನಾವಿದ್ದರೆ ಸಂಕೋಚವೇನೋ ಅಂತ ಇಬ್ಬರೂ ಹೊರಗೆ ಬಂದೆವು.

ಒಳಗೆ ಸದ್ದಿಲ್ಲ. ಬಹಳ ಹೊತ್ತಾಯಿತು. ಏನಾದರೂ ಬಿಟ್ಟು ಬಂದೆನಾ… ಎಲ್ಲ ಫೈಲೂ ಇದೆ. ಸ್ಪೀಕರೂ ಇದೆ. ಅವಳಿಗೆ ಬೇಡವಾದರೆ —

ತಡಿ. ಟಕ್ ಅಂತು.

“ನೀರು ಕೊಡ ತಮ್ಮಾ, ಗಂಟ್ಲು ಒಣಗ್ತದೆ.”

ನೀತಾ ಒತ್ತಿದಳೇನೋ. ಇಲ್ಲ, ನೀತಾ ಬಾವಿಕಟ್ಟೆ ಹತ್ತಿರ ನಿಂತಿದ್ದಾಳೆ, ಕೊಡ ಕೈಯಲ್ಲೇ ಇದೆ. ನನ್ನ ಕಡೆ ನೋಡುತ್ತಿದ್ದಾಳೆ. ಹಾಗಾದರೆ ಒಳಗೆ —

“ಒಬ್ನೇ ಯಾರ ಸಂಗ್ತಿಗೆ ಮಾತಾಡ್ತೆ? ಬಾ ಇಲ್ಲಿ, ಕೂತ್ಕ.”

ಬಂದೆ ಆಯಿ. ನೀರು ತರ್ತೇನೆ, ಬಂ —