ಹೆಚ್ಚಿಗೆ ಉಳಿದ ಬೋಲ್ಟು

ಮಾವ,

ಗುಜರಿಯವನು ಬಂದರೆ ಗೇಟಿನಿಂದಲೇ ವಾಪಸ್ ಕಳಿಸಿ. ಬೈಕ್ ಕೊಡೋ ಮಾತೇ ಇಲ್ಲ. ಅದು ಯಾಕೆ ಗಡಗಡ ನಡುಗುತ್ತೆ ಅಂತ ನನಗೆ ಗೊತ್ತಾಯಿತು.

ಚೈನ್ ಬದಲಾಯಿಸಿದಿರಿ, ಅಡುಗೆಮನೆ ಸಿಂಕಿನಲ್ಲಿ ಕಾರ್ಬೊರೇಟರ್ ತೊಳೆದಿರಿ, ಕೊನೆಗೆ "ನನ್ನ ಹಾಗೇ ಇದಕ್ಕೂ ವಯಸ್ಸಾಯ್ತಮ್ಮ" ಅಂತ ಕೈಚೆಲ್ಲಿ ಕೂತಿರಿ. ಆದರೆ ಎಂಜಿನ್ ಇಳಿಸಿ ಮತ್ತೆ ಕೂರಿಸಿದ ದಿನ ಒಂದು ಬೋಲ್ಟು ಉಳಿದಿತ್ತಲ್ಲ? "ಕಂಪನಿಯವರು ಒಂದು ಹೆಚ್ಚಿಗೇ ಕೊಟ್ಟಿದ್ದಾರೆ" ಅಂತ ಅದನ್ನು ನನ್ನ ಹೊಲಿಗೆ ಮಷಿನ್ನಿನ ಅಲ್ಲಾಡೋ ಕಾಲಿಗೆ ಹಾಕಿದಿರಿ. ಅವತ್ತಿನಿಂದ ಮಷಿನ್ ಬಂಡೆ ಹಾಗೆ ನಿಂತಿದೆ, ನಿಮ್ಮ ಬೈಕ್ ನಡುಗ್ತಾ ಇದೆ.

ಬೆಳಿಗ್ಗೆ ಬಾಬಿನ್ ಉರುಳಿಹೋಯಿತು ಅಂತ ಬಗ್ಗಿದಾಗ ಮಷಿನ್ ಕಾಲಿನ ಆ ಬೋಲ್ಟು ಕಣ್ಣಿಗೆ ಬಿತ್ತು. ಟಾರ್ಚ್ ಹಿಡಿದು ಬೈಕ್ ನೋಡಿದರೆ, ಎಂಜಿನ್ ಬೈಕಿನ ಫ್ರೇಮಿಗೆ ಕೂರೋ ಕಡೆ ಒಂದು ತೂತು ಖಾಲಿ. ಬೋಲ್ಟು ಬಿಚ್ಚಿ ತಂದು ಹಾಕಿದೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಕೈಯಲ್ಲಿ ತಿರುಗಿಸಿಟ್ಟಿದ್ದೇನೆ ಅಷ್ಟೆ, ಸ್ಪ್ಯಾನರ್ ಹಾಕಿ ನೀವೇ ಬಿಗಿ ಮಾಡಿ.

ಗ್ರೀಸ್ ಕೈ ಮತ್ತೆ ಪರದೆಗೆ ಒರೆಸಿದರೆ ನಾನು ಸುಮ್ಮನಿರೋದಿಲ್ಲ. ಚಿಂದಿ ಬಟ್ಟೆ ಸೀಟಿನ ಮೇಲೇ ಇದೆ. ನನ್ನ ಮಷಿನ್ನಿನ ಕಾಲಿಗೆ ಸದ್ಯಕ್ಕೆ ರಟ್ಟು ಮಡಚಿ ಒತ್ತು ಕೊಟ್ಟಿದ್ದೇನೆ.

ಹೊಲಿದ ಬಟ್ಟೆ ಕೊಡೋಕೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಮಾತ್ರೆ ಮರೀಬೇಡಿ.

ಬೈಕಿಗಂತೂ ವಯಸ್ಸಾಗಿಲ್ಲ ಮಾವ. ನಿಮಗಾಗಿದೆಯೋ ಇಲ್ಲವೋ ಸಂಜೆ ನೋಡೋಣ. ನನ್ನ ಕರೆದುಕೊಂಡು ಹೋಗೋಕೆ ಬಸ್‌ಸ್ಟಾಪಿಗೆ ಅದರಲ್ಲೇ ಬನ್ನಿ.

ಹೆಲ್ಮೆಟ್ ಎರಡು ತನ್ನಿ.